ನೂರ ಎಪ್ಪತ್ತು ಕಿಲೋದೊಳಗೆ ಏನೇನು?

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಅಮೆರಿಕದ ಫ್ಲಾರಿಡಾ ಕರಾವಳಿಗೆ ಅಪ್ಪಳಿಸಿತು. ಆದರೆ ಅತಿ ಹೆಚ್ಚು ಜನ ಸತ್ತದ್ದು ಕಡಲಂಚಿನಲ್ಲಲ್ಲ. ಅಲ್ಲಿಂದ ನೂರಾರು ಕಿಲೋಮೀಟರ್ ಒಳಗೆ, ನಾರ್ತ್ ಕ್ಯಾರೊಲೈನಾ ರಾಜ್ಯದ ಪಶ್ಚಿಮದ ಬೆಟ್ಟಸೀಮೆಯಲ್ಲಿ. ಚಂಡಮಾರುತ ಬರುವ ಮೊದಲೇ ಅಲ್ಲಿ ಮಳೆ ಹಿಡಿದು ನೆಲ ನೆನೆದು ಕೂತಿತ್ತು. ಅದರ ಮೇಲೆ ಹೆಲೀನ್ ಸುರಿಯಿತು. ಬ್ಯುಸಿಕ್ ಎಂಬ ಪುಟ್ಟ ಊರಿನಲ್ಲಿ ಕೆಲವೇ ದಿನಗಳಲ್ಲಿ ಬಿದ್ದದ್ದು 780 ಮಿಲಿಮೀಟರ್. ಆಗುಂಬೆ ಕಡೆಯವರಿಗೆ ಈ ಅಂಕಿ ತೀರಾ ಹೊಸದಾಗಿ ಕಾಣಲಾರದು. ಆದರೆ ಹತ್ತಿರದ ಆಶ್‌ವಿಲ್ ನಗರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಯೇ 1,200 ಮಿಲಿಮೀಟರ್ ಆಸುಪಾಸು. ಆ ಬೆಟ್ಟಗಳಿಗೂ ಹೊಳೆಗಳಿಗೂ ಇಷ್ಟು ನೀರಿನ ಅಭ್ಯಾಸವಿರಲಿಲ್ಲ. ಆಶ್‌ವಿಲ್‌ನ ನಡುವೆ ಹರಿಯುವ ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ ಏರಿ, 1916ರ ಮಹಾಪ್ರವಾಹದ ದಾಖಲೆಯನ್ನು ಮುರಿಯಿತು.

ಗುಡ್ಡಗಳು ಜಾರಿದವು. ಟೆನೆಸಿ ರಾಜ್ಯಕ್ಕೆ ಹೋಗುವ 40ನೇ ನಂಬರಿನ ಹೆದ್ದಾರಿಯ ಒಂದು ಬದಿಯನ್ನು ಪಿಜನ್ ನದಿ ಬುಡದಿಂದ ಕೊರೆದು ಒಯ್ದಿತು. 26ನೇ ನಂಬರಿನ ಹೆದ್ದಾರಿಯ ಸೇತುವೆಗಳು ಕುಸಿದವು. ಕರೆಂಟು ಹೋಯಿತು, ಮೊಬೈಲ್ ಟವರುಗಳು ಸತ್ತವು, ಆಶ್‌ವಿಲ್‌ಗೆ ಕುಡಿಯುವ ನೀರು ತರುವ ದೊಡ್ಡ ಕೊಳವೆಗಳೇ ಕೊಚ್ಚಿಹೋದವು. ಜಗತ್ತಿನ ಅತ್ಯಂತ ಶ್ರೀಮಂತ ದೇಶದ ಹತ್ತಾರು ಕಣಿವೆಗಳಲ್ಲಿ ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಎಂಬುದು ಹೊರಗಿನವರಿಗೆ ತಿಳಿಯದ ಸ್ಥಿತಿ ಬಂತು.

ಇಂಥ ಹೊತ್ತಿನಲ್ಲಿ ಮೊದಲ ಕೆಲವು ದಿನಗಳು ಎಲ್ಲಕ್ಕಿಂತ ಕಷ್ಟದವು. ಸೇನೆಯ ದೊಡ್ಡ ಹೆಲಿಕಾಪ್ಟರುಗಳು ಬರುತ್ತವೆ, ಆದರೆ ಅವು ಮೊದಲು ಮಾಡಬೇಕಾದದ್ದು ಜನರನ್ನು ಎತ್ತಿ ತರುವ ಕೆಲಸ. ಸರ್ಕಾರದ ಲಾರಿಗಳು ಹೊರಡುತ್ತವೆ, ರಸ್ತೆಯೇ ಇಲ್ಲದ ಜಾಗದಲ್ಲಿ ನಿಲ್ಲುತ್ತವೆ. ಈ ನಡುವಿನ ತೆರಪನ್ನು ತುಂಬಲು ಆ ವಾರ ಬಂದವರು ಸ್ವಂತ ಸಣ್ಣ ವಿಮಾನವಿದ್ದ ಸಾಮಾನ್ಯ ಜನ. ಷಾರ್ಲೆಟ್ ನಗರದ ಪಕ್ಕದ ಕಾನ್‌ಕಾರ್ಡ್ ವಿಮಾನ ನಿಲ್ದಾಣ ಅವರ ಮುಖ್ಯ ನೆಲೆಯಾಯಿತು. ಬ್ಯಾಂಕು, ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡದ ಕುಟುಂಬಗಳು ಇರುವ ಸೀಮೆ ಅದು. ಅಲ್ಲಿಂದ ಬೆಟ್ಟದ ಊರುಗಳಿಗೆ ಸಣ್ಣ ವಿಮಾನದಲ್ಲಿ ಒಂದು ಗಂಟೆಗೂ ಕಡಿಮೆ ಹಾದಿ.

ಸ್ವಂತ ವಿಮಾನ ಎಂದ ಕೂಡಲೇ ನಮ್ಮ ಕಣ್ಣಿಗೆ ಕೋಟ್ಯಧಿಪತಿಗಳು ಕಾಣುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಸಾರ್ವಜನಿಕರು ಬಳಸಬಹುದಾದ ಸುಮಾರು 5,000 ವಿಮಾನ ನಿಲ್ದಾಣಗಳು ಅಲ್ಲಿವೆ. ಬಹುಪಾಲು ನಿಲ್ದಾಣಗಳೆಂದರೆ ಒಂದು ರನ್‌ವೇ, ಎರಡು ಶೆಡ್ಡು, ಒಂದು ಪೆಟ್ರೋಲ್ ಪಂಪು, ಅಷ್ಟೆ. ಹಲ್ಲಿನ ಡಾಕ್ಟರು, ರೈತ, ನಿವೃತ್ತ ಮೇಷ್ಟ್ರು, ನಾಲ್ಕು ಜನ ಗೆಳೆಯರು ಸೇರಿ ಮೂವತ್ತು ನಲವತ್ತು ವರ್ಷ ಹಳೆಯ ಸೆಸ್ನಾ ವಿಮಾನವೊಂದನ್ನು ಕೊಂಡಿಟ್ಟುಕೊಳ್ಳುವುದು ಅಲ್ಲಿ ಅಪರೂಪವಲ್ಲ. ಖಾಸಗಿ ಪೈಲಟ್ ಲೈಸೆನ್ಸ್ ಇದ್ದವರು ಹಾರಾಟಕ್ಕೆ ಕೂಲಿ ಪಡೆಯುವಂತಿಲ್ಲ ಎಂಬುದು ನಿಯಮ. ಹಾಗಾಗಿ ಪರಿಹಾರ ಸಾಮಗ್ರಿ ಹೊತ್ತು ಹಾರುವವರಲ್ಲಿ ಹೆಚ್ಚಿನವರು ಇಂಧನವನ್ನೂ ಕೈಯಿಂದಲೇ ಹಾಕಿಕೊಂಡು ಹಾರುತ್ತಾರೆ.

ಇವರನ್ನೆಲ್ಲ ಕೂಡಿಸಿದ್ದು ‘ಆಪರೇಷನ್ ಏರ್‌ಡ್ರಾಪ್’ ಎಂಬ ಸ್ವಯಂಸೇವಾ ಸಂಸ್ಥೆ. 2017ರಲ್ಲಿ ಹಾರ್ವಿ ಚಂಡಮಾರುತ ಟೆಕ್ಸಸ್ ರಾಜ್ಯವನ್ನು ಮುಳುಗಿಸಿದಾಗ ಅಲ್ಲಿಯ ಪೈಲಟ್‌ಗಳು ಕಟ್ಟಿಕೊಂಡದ್ದು ಇದು. ಹೆಸರಿನಲ್ಲಿ ‘ಡ್ರಾಪ್’ ಇದ್ದರೂ ಇವರು ಮೇಲಿನಿಂದ ಏನನ್ನೂ ಎಸೆಯುವುದಿಲ್ಲ. ಇಳಿಯುತ್ತಾರೆ, ಇಳಿಸುತ್ತಾರೆ, ಮತ್ತೆ ಏರುತ್ತಾರೆ. ರಸ್ತೆ ಕಡಿದುಹೋದ ದಿನದಿಂದ ದೊಡ್ಡ ವ್ಯವಸ್ಥೆ ಬಂದು ತಲುಪುವ ದಿನದವರೆಗೆ ಮಾತ್ರ ತಮ್ಮ ಕೆಲಸ ಎಂಬುದು ಅವರ ನಿಲುವು.

ಹೊರಗಿನಿಂದ ನೋಡಿದರೆ ಇದು ಧೈರ್ಯದ, ಸಾಹಸದ ಕತೆ. ಧೈರ್ಯ ಇದೆ, ಒಪ್ಪೋಣ. ಆದರೆ ಈ ಕೆಲಸದ ಜೀವಾಳ ಇರುವುದು ತಕ್ಕಡಿಯಲ್ಲಿ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾದ ವಿಮಾನ ಸೆಸ್ನಾ 172. ಪೈಲಟ್ ಸೇರಿ ನಾಲ್ಕು ಸೀಟು, ಮುಂದೆ ಒಂದು ಪ್ರೊಪೆಲ್ಲರ್. ಇದರ ಈಚಿನ ಮಾದರಿ ನೆಲ ಬಿಡುವಾಗ ಒಟ್ಟು ತೂಕ 1,157 ಕಿಲೋ ಮೀರಬಾರದು. ಖಾಲಿ ವಿಮಾನವೇ 770 ಕಿಲೋ ಹತ್ತಿರ ತೂಗುತ್ತದೆ. ಉಳಿಯುವುದು 390 ಕಿಲೋ. ಟ್ಯಾಂಕು ತುಂಬಿಸಿದರೆ ಸುಮಾರು 200 ಲೀಟರ್ ಪೆಟ್ರೋಲು, ತೂಕ 145 ಕಿಲೋ. ಪೈಲಟ್‌ನ ತೂಕ ಎಪ್ಪತ್ತೈದು ಎಂದಿಟ್ಟುಕೊಳ್ಳಿ. ಕೊನೆಗೆ ಸಾಮಾನಿಗೆಂದು ಸಿಗುವುದು 170 ಕಿಲೋ. ನಾವು ದಸರಾ ರಜೆಗೆ ಊರಿಗೆ ಹೋಗುವಾಗ ಕಾರಿನಲ್ಲಿ ಕೂರುವ ನಾಲ್ಕು ಜನರ ತೂಕ ಇದಕ್ಕಿಂತ ಜಾಸ್ತಿ.

ಇಂಧನ ಕಡಿಮೆ ಹಾಕಿಕೊಂಡರೆ ಸಾಮಾನು ಹೆಚ್ಚು ಹಿಡಿಸಬಹುದು. ಅರ್ಧ ಟ್ಯಾಂಕಿಗೆ ಇನ್ನೂ ಎಪ್ಪತ್ತು ಕಿಲೋ ಗಿಟ್ಟುತ್ತದೆ. ಆದರೆ ಹೋಗಿ ಇಳಿಯುವ ಜಾಗದಲ್ಲಿ ಕರೆಂಟಿಲ್ಲ, ಕರೆಂಟಿಲ್ಲದೆ ಪಂಪು ನಡೆಯುವುದಿಲ್ಲ. ವಾಪಸಾಗುವ ಇಂಧನವನ್ನೂ, ಮೋಡ ಅಡ್ಡ ಬಂದರೆ ಬೇರೆ ಕಡೆ ತಿರುಗಿಕೊಳ್ಳುವಷ್ಟು ಹೆಚ್ಚುವರಿಯನ್ನೂ ಹೊತ್ತೇ ಹೋಗಬೇಕು. ಇನ್ನೂ ಒಂದು ತೊಡಕಿದೆ. ಈ ವಿಮಾನದ ಹಿಂಬದಿಯ ಲಗೇಜ್ ಜಾಗದಲ್ಲಿ 54 ಕಿಲೋಗಿಂತ ಹೆಚ್ಚು ಇಡುವಂತಿಲ್ಲ. ಇಟ್ಟರೆ ಬಾಲ ಭಾರವಾಗಿ ಮೂಗು ಮೇಲೇಳುತ್ತದೆ, ವೇಗ ಕುಂದಿದಾಗ ವಿಮಾನ ಪೈಲಟ್‌ನ ಮಾತು ಕೇಳುವುದಿಲ್ಲ. ಕಾವಡಿ ಹೊರುವವನ ಹೆಗಲಿನ ಲೆಕ್ಕವೇ ಇಲ್ಲಿಯದೂ. ಒಟ್ಟು ಭಾರ ಮಿತಿಯಲ್ಲಿದ್ದರೆ ಸಾಲದು, ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಅದಕ್ಕೇ ಹಿಂದಿನ ಸೀಟು ಕಳಚಿ, ಡಬ್ಬಗಳನ್ನು ಅಲ್ಲಿಟ್ಟು, ಅಲುಗಾಡದಂತೆ ಕಟ್ಟುತ್ತಾರೆ.

ಮುಂದಿನದು ಗಾಳಿಯ ವಿಚಾರ. ಬೆಟ್ಟದ ಮೇಲಿನ ಗಾಳಿ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ನೆಲ ಬಿಡಲು ಹೆಚ್ಚು ಉದ್ದ ಓಡಬೇಕು. ಹೆಲೀನ್ ಹೊತ್ತಿನಲ್ಲಿ ಸಾಮಗ್ರಿ ಇಳಿದ ನಿಲ್ದಾಣಗಳಲ್ಲಿ ಒಂದು ಏವರಿ ಕೌಂಟಿಯದು. ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರ, ರನ್‌ವೇ ಸುಮಾರು 900 ಮೀಟರ್, ಸುತ್ತ ಬೆಟ್ಟ. ಮೈಸೂರು, ಮಂಗಳೂರುಗಳಲ್ಲಿ ಇಳಿಯುವಂಥ ಪ್ರಯಾಣಿಕ ವಿಮಾನಗಳಿಗೆ ಅದು ಸಾಲದು. ಸೆಸ್ನಾಗೆ ಸಾಕು, ಪೈಲಟ್‌ಗೆ ಬೆಟ್ಟದ ಗಾಳಿಯ ಪರಿಚಯವಿದ್ದರೆ. ಇಂಥ ಪಟ್ಟಿಯಲ್ಲಿ ಇಳಿಯಬಲ್ಲುದೇ ಸಣ್ಣ ವಿಮಾನದ ದೊಡ್ಡ ಗುಣ.

ಹಾಗಾದರೆ ಆ 170 ಕಿಲೋದಲ್ಲಿ ಏನನ್ನು ಕಳಿಸಬೇಕು? ಎಲ್ಲರ ಬಾಯಿಂದ ಮೊದಲು ಬರುವುದು ನೀರು. ಲೆಕ್ಕ ಹಾಕಿ ನೋಡಿ. ಸಂತ್ರಸ್ತರಿಗೆ ಕುಡಿಯಲು, ಅಡುಗೆಗೆ, ಶುಚಿಗೆ ಎಲ್ಲ ಸೇರಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬುದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಒಪ್ಪಿದ ಅಳತೆ. ಒಂದು ಸೆಸ್ನಾ ಪೂರ್ತಿ ನೀರನ್ನೇ ಹೊತ್ತರೆ ಹನ್ನೊಂದು ಜನರಿಗೆ ಒಂದು ದಿನ. ಬರೀ ಕುಡಿಯಲು ತಲೆಗೆ ಮೂರು ಲೀಟರ್ ಎಂದರೂ ಐವತ್ತಾರು ಜನರಿಗೆ ಒಂದು ದಿನ. ಅದೇ, 20 ಲೀಟರ್ ನೀರನ್ನು ಶುದ್ಧ ಮಾಡುವ ಕ್ಲೋರಿನ್ ಗುಳಿಗೆ ಒಂದು ಗ್ರಾಮನ್ನೂ ತೂಗುವುದಿಲ್ಲ. ಹತ್ತು ಕಿಲೋ ಗುಳಿಗೆ ಕಳಿಸಿದರೆ ಎರಡು ಲಕ್ಷ ಲೀಟರ್ ನೀರು ಕುಡಿಯಲು ಯೋಗ್ಯವಾಗುತ್ತದೆ. ಕೆಸರು ನೀರಾದರೆ ಮೊದಲು ಸೋಸಬೇಕು ನಿಜ, ಸೋಸುವ ಫಿಲ್ಟರುಗಳೂ ಹಗುರವೇ. ಜೊತೆಗೆ ಇನ್ನೂ 160 ಕಿಲೋ ಜಾಗ ಉಳಿದೇ ಇರುತ್ತದೆ.

ಆ ಜಾಗಕ್ಕೆ ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಆಸ್ತಮಾದ ಇನ್ಹೇಲರ್. ಮಡಚಿದ ಬಟ್ಟೆಯಷ್ಟು ಜಾಗದಲ್ಲಿ ಒಂದು ಕಣಿವೆಗೆ ಬೇಕಾದ ಇನ್ಸುಲಿನ್ ಹಿಡಿಯುತ್ತದೆ. ಅದನ್ನು ತಣ್ಣಗಿಡುವ ಪೆಟ್ಟಿಗೆಗೆ ಹೆಚ್ಚು ಜಾಗ ಬೇಕು, ಅಷ್ಟೆ. ಹಸುಗೂಸುಗಳಿಗೆ ಹಾಲಿನ ಪುಡಿ ಕಳಿಸುವಾಗ ಎಚ್ಚರ ಬೇಕು. ಪುಡಿ ಹಗುರ, ಆದರೆ ಕಲಸಲು ಅಲ್ಲಿ ಶುದ್ಧ ನೀರಿಲ್ಲ. ಹಾಗಾಗಿ ಭಾರವಾದರೂ ಕಲಸಿ ಸಿದ್ಧವಾದ ಹಾಲನ್ನೇ ಕಳಿಸುವುದು ಲೇಸು. ಡೈಪರ್‌ಗಳದು ಇದಕ್ಕೆ ತಿರುಗುಮುರುಗು. ತೂಕವಿಲ್ಲ, ಆದರೆ ಇಡೀ ಕ್ಯಾಬಿನ್ ತುಂಬಿಬಿಡುತ್ತದೆ. ತಿಳಿದವರು ಭಾರದ ಡಬ್ಬಗಳನ್ನು ಕೆಳಗೆ, ರೆಕ್ಕೆಯ ಹತ್ತಿರಕ್ಕೆ ಇಟ್ಟು, ಸಂದುಗಳಲ್ಲಿ ಡೈಪರ್ ತುರುಕಿ, ತೂಕ ಮತ್ತು ಜಾಗ ಎರಡೂ ಒಟ್ಟಿಗೆ ಮುಗಿಯುವಂತೆ ಹೊಂದಿಸುತ್ತಾರೆ. ಪ್ರತಿ ಡಬ್ಬದ ಮೇಲೂ ಒಳಗೇನಿದೆ, ಎಷ್ಟು ತೂಕ ಎಂದು ದಪ್ಪ ಅಕ್ಷರದಲ್ಲಿ ಬರೆದಿರಬೇಕು. ಆ ಬರಹ ತಪ್ಪಾದರೆ ಪೈಲಟ್ ಪ್ರಾಣವನ್ನೇ ಒತ್ತೆಯಿಟ್ಟಂತೆ.

ಹಾರುವವರಿಗಿಂತ ನೆಲದ ಮೇಲೆ ನಿಂತು ತೂಗುವವರನ್ನು, ವಿಂಗಡಿಸುವವರನ್ನು, ಬರೆಯುವವರನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಅವರ ಫೋಟೊ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ವಿಮಾನ ನಿಲ್ಲಿಸುವ ಶೆಡ್ಡಾದ ಹ್ಯಾಂಗರ್‌ನಲ್ಲಿ ದಿನವಿಡೀ ನಿಂತು ಅವರು ಮಾಡಿದ ಕೆಲಸ ಇಲ್ಲದೆ ಒಂದು ವಿಮಾನವೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಸ್ವೀಡನ್ನಿನ ಕಾರ್ಲ್ ಗುಸ್ತಾಫ್ ಫಾನ್ ರೋಸೆನ್ ಎಂಬ ಪೈಲಟ್ 1969ರಲ್ಲಿ ನೈಜೀರಿಯಾದ ಅಂತರ್ಯುದ್ಧದಲ್ಲಿ ಬಿಯಾಫ್ರಾ ಪರ ನಿಂತು, ಎರಡು ಸೀಟಿನ ಸಣ್ಣ ವಿಮಾನಗಳಿಗೆ ರಾಕೆಟ್ ಕಟ್ಟಿಸಿ ದಾಳಿ ಮಾಡಿದ್ದ. ಅದೇ ಮನುಷ್ಯ 1970ರ ದಶಕದ ನಡುವೆ ಇಥಿಯೋಪಿಯಾದ ಬರಗಾಲದಲ್ಲಿ ಅದೇ ತಳಿಯ ಸಣ್ಣ ವಿಮಾನಗಳ ರೆಕ್ಕೆಗೆ ಆಹಾರದ ಚೀಲ ಕಟ್ಟಿ, ದಾರಿಯಿಲ್ಲದ ಹಳ್ಳಿಗಳ ಮೇಲೆ ತಗ್ಗಿನಲ್ಲಿ ಹಾರಿ ಇಳಿಬಿಟ್ಟ. ಲಾರಿ ಹೋಗಲಾರದ, ದೊಡ್ಡ ವಿಮಾನ ಇಳಿಯಲಾರದ ಕಡೆ ಚೀಲಗಳು ತಲುಪಿದವು. 1977ರಲ್ಲಿ ಇಥಿಯೋಪಿಯಾದ ಗೋಡೆ ಎಂಬಲ್ಲಿ, ಯುದ್ಧದ ನಡುವೆ ಅವನು ಕೊಲ್ಲಲ್ಪಟ್ಟ.

2010ರ ಜನವರಿ 12ರಂದು ಹೈತಿಯಲ್ಲಿ ಭೂಮಿ ನಡುಗಿದಾಗ ಬೇರೊಂದು ಪಾಠ ಸಿಕ್ಕಿತು. ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ, ನಿಯಂತ್ರಣ ಗೋಪುರವೂ ಹಾಳಾಗಿತ್ತು. ಜಗತ್ತಿನ ಮೂಲೆಮೂಲೆಯಿಂದ ಬಂದ ಭಾರಿ ವಿಮಾನಗಳು ಇಳಿಯಲು ಸರದಿ ಕಾಯುತ್ತಾ ಆಕಾಶದಲ್ಲೇ ಸುತ್ತಿದವು, ಕೆಲವು ವಾಪಸಾದವು. ಆಗ ಸಣ್ಣ ವಿಮಾನಗಳು ರಾಜಧಾನಿಯ ಗೊಡವೆಗೇ ಹೋಗದೆ, ದಕ್ಷಿಣ ಕರಾವಳಿಯ ಜಾಕ್‌ಮೆಲ್ ಪಟ್ಟಣದ ಕಿರು ಪಟ್ಟಿಯಲ್ಲಿ ಇಳಿದವು. ಆ ಪಟ್ಟಣಕ್ಕೂ ಭಾರಿ ಹಾನಿಯಾಗಿತ್ತು, ರಾಜಧಾನಿಯ ರಸ್ತೆ ಕಡಿದಿತ್ತು. ಎಲ್ಲರೂ ನುಗ್ಗುವ ಬಾಗಿಲನ್ನು ಬಿಟ್ಟು ಹಿತ್ತಲ ಬಾಗಿಲನ್ನು ಹುಡುಕುವುದು ಸಣ್ಣ ವಿಮಾನಕ್ಕೆ ಸುಲಭವಿತ್ತು.

ಆದರೆ ಸಣ್ಣ ವಿಮಾನಗಳೂ ನೂರು ಸೇರಿದರೆ ಗುಂಪೇ. ಹೆಲೀನ್ ನಂತರ ಆಶ್‌ವಿಲ್ ಸುತ್ತಿನ ಆಕಾಶದಲ್ಲಿ ಸೇನೆಯ ಹೆಲಿಕಾಪ್ಟರು, ಖಾಸಗಿ ಹೆಲಿಕಾಪ್ಟರು, ಸೆಸ್ನಾಗಳು, ಡ್ರೋನುಗಳು ಎಲ್ಲ ಒಂದೇ ಕಣಿವೆಗಳಲ್ಲಿ ಓಡಾಡಿದವು. ಸಣ್ಣ ನಿಲ್ದಾಣಗಳಲ್ಲಿ ನಿಯಂತ್ರಣ ಗೋಪುರ ಇರುವುದಿಲ್ಲ. ಪೈಲಟ್‌ಗಳು ಒಂದೇ ರೇಡಿಯೊ ತರಂಗದಲ್ಲಿ ನಾನು ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ, ಹೀಗೆ ತಿರುಗುತ್ತೇನೆ ಎಂದು ಪರಸ್ಪರ ಹೇಳಿಕೊಂಡು ಇಳಿಯಬೇಕು. ದಿನಕ್ಕೆ ನಾಲ್ಕಾರು ವಿಮಾನ ಬರುವ ಕಡೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ. ನಿಮಿಷಕ್ಕೊಂದು ಬಂದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದು ಯಾರಿಗೂ ಏನೂ ಕೇಳದು. ಹಾಗಾಗಿ ಕೆಲವು ನಿಲ್ದಾಣಗಳು ಮುಂಚೆ ಫೋನು ಮಾಡಿ ಸಮಯ ಪಡೆದವರಿಗೆ ಮಾತ್ರ ಇಳಿಯಲು ಬಿಟ್ಟವು. ಸರ್ಕಾರ ಸ್ವಯಂಸೇವಕರನ್ನು ತಡೆಯುತ್ತಿದೆ ಎಂಬ ಸುದ್ದಿ ಆಗ ಕಾಳ್ಗಿಚ್ಚಿನಂತೆ ಹಬ್ಬಿತು. ಲೇಕ್ ಲೂರ್ ಎಂಬಲ್ಲಿ ಜನರನ್ನು ಪಾರುಮಾಡಲು ಬಂದ ಖಾಸಗಿ ಹೆಲಿಕಾಪ್ಟರ್ ಪೈಲಟ್ ಒಬ್ಬರಿಗೆ ಸ್ಥಳೀಯ ಅಧಿಕಾರಿಯೊಬ್ಬರು ಬಂಧಿಸುವ ಎಚ್ಚರಿಕೆ ಕೊಟ್ಟದ್ದು ದೊಡ್ಡ ವಿವಾದವಾಯಿತು.

ಈ ಜಗಳದಲ್ಲಿ ಪೂರ್ತಿ ಒಂದೇ ಕಡೆ ನಿಲ್ಲಲು ನನಗೆ ಆಗುವುದಿಲ್ಲ. ಮನೆ ಮೇಲೆ ಮಣ್ಣು ಕುಸಿದವರಿಗೆ ಕಾಗದಪತ್ರ ಕೇಳುವುದು ಕ್ರೌರ್ಯ. ಆದರೆ ಸಹಾಯಕ್ಕೆ ಬಂದ ಎರಡು ವಿಮಾನಗಳು ಕಣಿವೆಯ ತಿರುವಿನಲ್ಲಿ ಡಿಕ್ಕಿಯಾದರೆ, ಆ ದಿನದ ಎಲ್ಲ ಹಾರಾಟವೂ ನಿಂತು, ನೂರು ಊರಿಗೆ ಹೋಗಬೇಕಿದ್ದದ್ದು ಹೋಗುವುದಿಲ್ಲ. ನೋಂದಣಿ ಮಾಡಿಸಿ, ಹೇಳಿದ ಸಮಯಕ್ಕೆ ಹೇಳಿದ ಕಡೆ ಹಾರಿದವರೇ ಹೆಚ್ಚು ಜನರಿಗೆ ಆದರು. ಕಾನ್‌ಕಾರ್ಡ್‌ನ ವ್ಯವಸ್ಥೆಗೆ ಬೆಲೆ ಬಂದದ್ದು ಇದರಿಂದ.

ಯಾವ ಊರಿಗೆ ಏನು ಬೇಕು ಎಂದು ತಿಳಿಯುವುದು ಇನ್ನೊಂದು ಹೋರಾಟ. ಮೊಬೈಲ್ ಸತ್ತ ಮೇಲೆ ಕೆಲಸಕ್ಕೆ ಬಂದದ್ದು ಹವ್ಯಾಸಿಗಳು ನಡೆಸುವ ಹ್ಯಾಮ್ ರೇಡಿಯೊ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ಅತಿ ಎತ್ತರದ ಶಿಖರ ಮೌಂಟ್ ಮಿಚೆಲ್. ಅದರ ಮೇಲಿದ್ದ ಹ್ಯಾಮ್ ಮರುಪ್ರಸಾರ ಕೇಂದ್ರ ಸಾಯದೆ ಉಳಿಯಿತು. ಕಣಿವೆಗಳಿಂದ ಜನ ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊದಲ್ಲಿ ಮಾತಾಡಿದರು. ಯಾರು ಕ್ಷೇಮ, ಯಾರ ಆಮ್ಲಜನಕ ಮುಗಿಯುತ್ತಿದೆ, ಯಾವ ಸೇತುವೆ ಇದೆ, ಯಾವುದಿಲ್ಲ. ಹೀಗೆ ತಿಳಿದದ್ದನ್ನು ನೋಡಿಕೊಂಡು ಸಾಮಾನು ಹೋಯಿತು. ರನ್‌ವೇಯಿಂದ ಮನೆಬಾಗಿಲಿಗೆ ನಾಲ್ಕು ಚಕ್ರದ ಬೈಕುಗಳಲ್ಲಿ, ಅದೂ ಹೋಗದ ಕಡೆ ಹೇಸರಗತ್ತೆಗಳ ಮೇಲೆ.

ನಮ್ಮ ಕೊಡಗಿಗೆ, ಮಲೆನಾಡಿಗೆ ಇದು ಒಗ್ಗುತ್ತದೆಯೇ? 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು, ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಇದ್ದ ಹಾಗೆ ಎತ್ತಿ ತಂದರೆ ಒಗ್ಗುವುದಿಲ್ಲ. ಮೊದಲನೆಯ ಕಾರಣ ಆಕಾಶ. ಚಂಡಮಾರುತ ಬಂದು ಹೋಗಿಬಿಡುತ್ತದೆ. ಮಾರನೆಯ ದಿನವೋ ಅದರ ಮಾರನೆಯ ದಿನವೋ ಬಾನು ತಿಳಿಯಾಗುತ್ತದೆ, ಕಣ್ಣಿಗೆ ಕಂಡ ದಾರಿಯಲ್ಲಿ ಹಾರುವ ಸಣ್ಣ ವಿಮಾನಗಳಿಗೆ ಅದು ಸಾಕು. ನಮ್ಮ ಮುಂಗಾರು ಹಾಗಲ್ಲ. ಗುಡ್ಡ ಕುಸಿದ ಮೇಲೂ ವಾರಗಟ್ಟಲೆ ಮೋಡ ಬೆಟ್ಟಕ್ಕೆ ಅಂಟಿಕೊಂಡೇ ಇರುತ್ತದೆ. ಹಾಗೆ ಮುಚ್ಚಿದ ಕಣಿವೆಗೆ ಸಣ್ಣ ವಿಮಾನವನ್ನು ಕಳಿಸುವುದು ಇನ್ನೊಂದು ಅಪಘಾತವನ್ನು ಕರೆದಂತೆ. ಎರಡನೆಯದು, ಇಳಿಯಲು ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮೂರನೆಯದು ಇಂಧನ. ಸೆಸ್ನಾದಂಥ ವಿಮಾನಕ್ಕೆ ಬೇಕಾದ ವಿಶೇಷ ಪೆಟ್ರೋಲನ್ನು ಇಂಡಿಯನ್ ಆಯಿಲ್ ನಮ್ಮ ದೇಶದಲ್ಲೇ ತಯಾರಿಸಲು ಶುರುಮಾಡಿದ್ದು 2022ರಲ್ಲಿ. ಜಕ್ಕೂರಿನಂಥ ತರಬೇತಿ ನೆಲೆಗಳನ್ನು ಬಿಟ್ಟರೆ ಸಣ್ಣ ವಿಮಾನಗಳೇ ನಮ್ಮಲ್ಲಿ ವಿರಳ.

ಆದರೂ ಹಿತ್ತಲ ಬಾಗಿಲಿನ ಯುಕ್ತಿ ನಮಗೆ ಗೊತ್ತಿಲ್ಲದ್ದೇನಲ್ಲ. ಅದೇ 2018ರ ಆಗಸ್ಟಿನಲ್ಲಿ ಕೊಚ್ಚಿಯ ವಿಮಾನ ನಿಲ್ದಾಣ ನೀರು ನುಗ್ಗಿ ಮುಚ್ಚಿದಾಗ, ನೌಕಾಪಡೆಯ ಐಎನ್‌ಎಸ್ ಗರುಡ ನೆಲೆಯನ್ನು ನಾಗರಿಕ ವಿಮಾನಗಳಿಗೆ ತೆರೆದರು. ಅಲ್ಲಿಗೆ ದೊಡ್ಡ ಜೆಟ್‌ಗಳ ಬದಲು ಬೆಂಗಳೂರಿನಿಂದ ಏರ್ ಇಂಡಿಯಾದ ಸಣ್ಣ ಎಟಿಆರ್ ವಿಮಾನಗಳು ಹಾರಿದವು.

ಹಾಗಾಗಿ ನಾನು ಕೇಳುವುದು ವಿಮಾನವನ್ನಲ್ಲ, ಆ ಹ್ಯಾಂಗರ್‌ನ ತಕ್ಕಡಿಯನ್ನು. ಕೊಡಗಿನ ಪ್ರವಾಹದ ಹೊತ್ತಿನಲ್ಲಿ ಇಡೀ ಕರ್ನಾಟಕ ಮನಸಾರೆ ಕೊಟ್ಟಿತು. ಆದರೆ ಬೇಡದ ಹಳೆ ಬಟ್ಟೆ ರಾಶಿ ಬಿದ್ದು, ಬೇಕಾದ್ದನ್ನು ಅದರಡಿಯಿಂದ ಹುಡುಕಬೇಕಾದ ಪಾಡು ಪರಿಹಾರ ಕೇಂದ್ರಗಳಿಗೆ ಬಂತು. ಲಾರಿಯಲ್ಲಿ ಜಾಗ ಧಾರಾಳ, ಅದಕ್ಕೇ ಯಾರೂ ಲೆಕ್ಕ ಹಾಕುವುದಿಲ್ಲ. ಕೊಡುವವರು 170 ಕಿಲೋ ಮಾತ್ರ ಹಿಡಿಯುತ್ತದೆ ಎಂದುಕೊಂಡು ಡಬ್ಬ ತುಂಬಿದರೆ, ಮೇಲೆ ಒಳಗಿನದನ್ನು ಬರೆದರೆ, ಲಾರಿಯಲ್ಲಿ ಹೋದದ್ದೂ ಅರ್ಧ ದಿನ ಮುಂಚೆ ಕೈ ಸೇರುತ್ತದೆ. ರಸ್ತೆ ಮುಚ್ಚಿದ ಊರಿನಲ್ಲಿ ಇನ್ಸುಲಿನ್ ಬೇಕಾದವರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು ಯಾರು ಎಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಆ ಪಟ್ಟಿ ಜೂನ್ ಬರುವ ಮುಂಚೆ ತಾಲ್ಲೂಕು ಕಚೇರಿಯಲ್ಲೂ ಇರಬೇಕು, ಕಾಗದದ ಮೇಲೆ, ಕರೆಂಟು ಹೋದರೂ ಓದಲು ಸಿಗುವಂತೆ. ಹ್ಯಾಮ್ ರೇಡಿಯೊ ಕಲಿಸುವ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಪ್ರತಿ ಮಲೆನಾಡು ತಾಲ್ಲೂಕಿನಿಂದ ಇಬ್ಬರು ಮೂವರು ಯುವಕ ಯುವತಿಯರಿಗೆ ಲೈಸೆನ್ಸ್ ಕೊಡಿಸುವ ಖರ್ಚು ಒಂದು ಸಣ್ಣ ಸೇತುವೆಯ ಖರ್ಚಿನ ಪಕ್ಕದಲ್ಲಿ ಏನೇನೂ ಅಲ್ಲ.

ಕಡೆಯದಾಗಿ, ಸಣ್ಣ ವಿಮಾನ ಎಲ್ಲಿ ಸಾಕಾಗಲಿಲ್ಲ ಎಂಬುದನ್ನೂ ಹೇಳಬೇಕು. ನಾರ್ತ್ ಕ್ಯಾರೊಲೈನಾದ ಅದೇ ಬೆಟ್ಟಸೀಮೆಯ ಮ್ಯಾರಿಯನ್ ಬಳಿ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಯಿದೆ. ಅಮೆರಿಕದ ಆಸ್ಪತ್ರೆಗಳ ಡ್ರಿಪ್ ಬಾಟಲಿಗಳಲ್ಲಿ ನೂರಕ್ಕೆ ಅರವತ್ತು ತಯಾರಾಗುತ್ತಿದ್ದುದು ಅಲ್ಲಿ. ಅದಕ್ಕೂ ನೀರು ನುಗ್ಗಿ, ದೇಶದುದ್ದಕ್ಕೂ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಆ ಕೊರತೆಯನ್ನು ತುಂಬಲು ಬೇರೆ ದೇಶಗಳಿಂದ ಭಾರಿ ಪ್ರಮಾಣದಲ್ಲಿ ತರಿಸಬೇಕಾಯಿತು. ಆಶ್‌ವಿಲ್‌ನ ನಲ್ಲಿಯಲ್ಲಿ ಕುಡಿಯುವ ನೀರು ಮತ್ತೆ ಬಂದದ್ದು ನವೆಂಬರ್ 18ರಂದು. 40ನೇ ಹೆದ್ದಾರಿಯಲ್ಲಿ ಎರಡೂ ಕಡೆಗೆ ಒಂದೊಂದು ಸಾಲು ವಾಹನ ಬಿಟ್ಟದ್ದು 2025ರ ಮಾರ್ಚ್‌ನಲ್ಲಿ. ಅದೆಲ್ಲ ಎಂಜಿನಿಯರುಗಳ, ಕೊಳವೆ ಹೂಳುವವರ, ಬಂಡೆ ಒಡೆಯುವವರ ಕೆಲಸ, ತಿಂಗಳುಗಳ ಕೆಲಸ. ಅಷ್ಟು ಹೊತ್ತಿಗೆ ಸೆಸ್ನಾಗಳು ತಮ್ಮ ಪಾಲಿನದನ್ನು ಮುಗಿಸಿ, ಕಳಚಿಟ್ಟ ಹಿಂದಿನ ಸೀಟುಗಳನ್ನು ಮತ್ತೆ ಜೋಡಿಸಿಕೊಂಡು ಮನೆಗೆ ಹೋಗಿದ್ದವು.